ತುಟಿಯ ಝೇಂಕಾರ



ಮದುವೆಯ ದಿಬ್ಬಣದಲ್ಲಿ, ದಸರೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಸಾಲಾಗಿ ಸಾಗುವುದನ್ನು ತಾವೆಲ್ಲರೂ ನೋಡಿದ್ದೀರಿ. ಹಿತ್ತಾಳೆಯ ವಾದ್ಯಗಳು ಬಿಸಿಲಿಗೆ ಥಳಥಳಿಸುತ್ತವೆ. ಆ ಹೊಳಪಿಗೆ ಮರುಳಾದ ಕಣ್ಣು, ನಾದವೂ ಹಿತ್ತಾಳೆಯೊಳಗಿನಿಂದಲೇ ಹುಟ್ಟಿ ಬರುತ್ತಿದೆಯೆಂದು ನಂಬಿಬಿಡುತ್ತದೆ. ಮೂವತ್ತೈದು ವರ್ಷ ಟ್ರಂಪೆಟ್ ಊದಿ ಸಂಸಾರ ಸಾಗಿಸಿದ ನಾನೂ ಅದರಲ್ಲಿ ಅರ್ಧ ಆಯುಷ್ಯವನ್ನು ಹಾಗೆಯೇ ನಂಬಿ ಕಳೆದವನು. ಆ ನಂಬಿಕೆ ಹುಸಿಯೆಂದು ತಿಳಿದದ್ದು ನನ್ನ ತುಟಿ ಕೈಕೊಟ್ಟ ದಿನ. ಇಂದು ಆ ತುಟಿಯ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪಿಟೀಲಿಗೆ ತಂತಿಯುಂಟು, ಮೃದಂಗಕ್ಕೆ ಚರ್ಮವುಂಟು, ನಾಗಸ್ವರಕ್ಕೆ ಸೀವಾಳಿಯುಂಟು. ಟ್ರಂಪೆಟ್ಟಿಗೆ ಇವಾವುವೂ ಇಲ್ಲ. ಅದು ಸುಮಾರು ಒಂದೂವರೆ ಮೀಟರ್ ಉದ್ದದ, ಸುತ್ತಿ ಮಡಿಸಿದ ಒಂದು ಬರಿದಾದ ಕೊಳವೆ. ಅದರ ತಂತಿಯೂ ಸೀವಾಳಿಯೂ ವಾದಕನ ಎರಡು ತುಟಿಗಳೇ. ನಮ್ಮ ಗುಡಿಗಳ ಕೊಂಬು ಕಹಳೆಗಳ ಗುಟ್ಟೂ ಇದೇ. ಮುಚ್ಚಿದ ತುಟಿಗಳ ನಡುವೆ ಉಸಿರು ನುಗ್ಗಿದಾಗ ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ಅದುರುತ್ತವೆ. ಪಾಶ್ಚಾತ್ಯ ವಾದ್ಯವೃಂದಗಳು ಶ್ರುತಿ ಕೂಡಿಸುವ ಸ್ವರವನ್ನು ನುಡಿಸಬೇಕಾದರೆ ತುಟಿಗಳು ಒಂದು ಸೆಕೆಂಡಿನಲ್ಲಿ ಸುಮಾರು 440 ಬಾರಿ ಹೀಗೆ ತೆರೆದು ಮುಚ್ಚಬೇಕು. ಅಮೆರಿಕದ ಡೇನಿಯಲ್ ಮಾರ್ಟಿನ್ ಎಂಬ ವಿಜ್ಞಾನಿ ಕಾರ್ನೆಟ್ ವಾದಕರ ತುಟಿಗಳ ಈ ಚಲನೆಯನ್ನು ಪರೀಕ್ಷಿಸಿ 1942ರಲ್ಲಿಯೇ ಪ್ರಬಂಧ ಪ್ರಕಟಿಸಿದ. ದುಂಬಿಯ ಮೊರೆತದಂತಹ ಈ ಅದುರುವಿಕೆಯನ್ನು ನಾನು ತುಟಿಯ ಝೇಂಕಾರವೆಂದು ಕರೆಯುತ್ತೇನೆ.

ಹಾಗಾದರೆ ಕೊಳವೆಯ ಕೆಲಸವೇನು? ತುಟಿಯಿಂದ ಹೊರಟ ಅಲೆ ಕೊಳವೆಯಲ್ಲಿ ಓಡಿ, ಅರಳಿದ ತುದಿಯನ್ನು ಮುಟ್ಟಿ, ಅಲ್ಲಿ ಒಂದಂಶ ಹೊರಬಿದ್ದು ಉಳಿದದ್ದು ಹಿಂದಿರುಗುತ್ತದೆ. ಹಿಂದಿರುಗಿದ ಅಲೆ ಸರಿಯಾದ ಗಳಿಗೆಯಲ್ಲಿ ಬಂದು ತಟ್ಟಿದರೆ ತುಟಿಗೆ ಮತ್ತೆ ತೆರೆಯಲು ಅದೇ ಒತ್ತಾಸೆಯಾಗುತ್ತದೆ. ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ. ಆದುದರಿಂದಲೇ ಕೊಳವೆಗೆ ಕೆಲವೇ ಸ್ವರಗಳು ಒಪ್ಪಿಗೆಯಾಗುತ್ತವೆ. ಟ್ರಂಪೆಟ್ಟಿನ ಮೂರು ಕೀಲಿಗಳಲ್ಲಿ ಒಂದನ್ನೂ ಒತ್ತದೆ ಊದಿದರೆ ಷಡ್ಜ, ಪಂಚಮ, ತಾರಷಡ್ಜ, ಅದರ ಮೇಲಿನ ಗಾಂಧಾರ, ಪಂಚಮ, ಹೀಗೆ ಮೆಟ್ಟಲು ಹಾರಿ ಹಾರಿ ಸ್ವರಗಳು ದೊರೆಯುತ್ತವೆ. ಬರ್ಲಿನ್ನಿನಲ್ಲಿ ಷ್ಟೋಲ್ಟ್ಸೆಲ್ ಮತ್ತು ಬ್ಲ್ಯೂಮೆಲ್ ಎಂಬಿಬ್ಬರು 1818ರಲ್ಲಿ ಕೀಲಿಗೆ ಸ್ವಾಮ್ಯಪತ್ರ ಪಡೆಯುವುದಕ್ಕೆ ಮುಂಚೆ ಬಾಖನ ಕಾಲದ ಕಹಳೆಗಾರರು ಇಡೀ ರಾಗಮಾಲೆಯನ್ನು ಬರಿಯ ತುಟಿಯ ಚಾತುರ್ಯದಿಂದಲೇ ನುಡಿಸುತ್ತಿದ್ದರು. ಕೀಲಿ ಬಂದಮೇಲೆ ಬೆರಳಿಗೆ ಕೆಲಸ ಸಿಕ್ಕಿತು. ತುಟಿಗೆ ಬಿಡುವಂತೂ ಸಿಗಲಿಲ್ಲ.

ಇಷ್ಟನ್ನೂ ನಾನು ತಿಳಿದುಕೊಂಡದ್ದು ತಡವಾಗಿ. 1975ರಲ್ಲಿ, ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಬ್ಯಾಂಡಿಗೆ ಸೇರಿದೆ. ಅರಮನೆಯ ದಿನಗಳಿಂದ ಪಾಶ್ಚಾತ್ಯ ವಾದ್ಯಗಳ ಗಾಳಿ ಬೀಸಿದ ಊರು ಅದು; ಜರ್ಮನಿಯಿಂದ ಬಂದ ಆಟೋ ಷ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ನನಗೆ ಇದ್ದದ್ದು ಯೌವನದ ಬಲ ಮತ್ತು ಮೇಲಿನ ಸ್ವರದ ಹುಚ್ಚು. ಮೇಲೇರಬೇಕಾದಾಗಲೆಲ್ಲ ವಾದ್ಯವನ್ನು ತುಟಿಗೆ ಅದುಮಿ ಹಿಡಿಯುತ್ತಿದ್ದೆ. ಅದುಮಿದರೆ ತುಟಿ ಬಿಗಿಯಾಗುತ್ತದೆ, ಬಿಗಿಯಾದರೆ ಸ್ವರ ಏರುತ್ತದೆ. ಸಾಲ ಮಾಡಿ ಹಬ್ಬ ಮಾಡಿದಂತೆ, ಆ ಹೊತ್ತಿಗೆ ಎಲ್ಲವೂ ಸೊಗಸು. ಕಚೇರಿ ಮುಗಿದಮೇಲೆ ತುಟಿಯ ಮೇಲೆ ಮೂಡಿದ ಕೆಂಪು ಉಂಗುರವನ್ನು ನಾನು ಪದಕದಂತೆ ಮೆರೆಸುತ್ತಿದ್ದೆ.

ಹದಿನೇಳು ವರ್ಷಕ್ಕೆ ಸಾಲಗಾರ ಬಾಗಿಲಿಗೆ ಬಂದ. 1992ರ ಒಂದು ಸಂಜೆ, ತೋಟವೊಂದರಲ್ಲಿ ನಡೆದ ಕಾರ್ಯಕ್ರಮದ ಮೂರನೆಯ ಕೃತಿಯಲ್ಲಿ ನಾನೊಬ್ಬನೇ ನುಡಿಸಬೇಕಾದ ಭಾಗ ಬಂದಿತು. ಉಸಿರೆಳೆದು ಊದಿದೆ. ವಾದ್ಯದ ತುದಿಯಿಂದ ಬರಿಯ ಗಾಳಿ ಬಂದಿತು. ಇನ್ನೊಮ್ಮೆ ಅದುಮಿ ಊದಿದೆ, ಮತ್ತೂ ಗಾಳಿಯೇ. ಹಿಂದಿನ ಸಾಲಿನ ಡ್ರಮ್ಮಿನವನು ತಾಳ ಹಾಕುತ್ತಲೇ ಇದ್ದ. ಎಂಟು ಆವರ್ತಗಳಷ್ಟು ಕಾಲ ರಾಗವಿಲ್ಲದ ತಾಳ ಆ ತೋಟದಲ್ಲಿ ನಡೆಯಿತು. ಇಂದಿಗೂ ಕೆಲವು ರಾತ್ರಿ ಆ ತಾಳ ನನ್ನ ಕಿವಿಯಲ್ಲಿ ಕೇಳುತ್ತದೆ.

ವೈದ್ಯರು ಮೂರು ತಿಂಗಳು ವಾದ್ಯ ಮುಟ್ಟಕೂಡದೆಂದರು. ಬಾಯಿಯ ಸುತ್ತ ಉಂಗುರದಂತಹ ಒಂದು ಸ್ನಾಯುವಿದೆ. ಬಲವಾಗಿ ಅದುಮಿದರೆ ತುಟಿಗೆ ರಕ್ತ ಹರಿಯದೆ ಅದು ಸೋಲುತ್ತದೆ. ಸೋತಮೇಲೂ ಬಿಡದೆ ದುಡಿಸಿದರೆ ಹರಿಯುವುದೂ ಉಂಟು. 1982ರಲ್ಲಿ ಪ್ಲಾನಸ್ ಎಂಬ ಶಸ್ತ್ರವೈದ್ಯರು ಕಹಳೆಗಾರರ ಈ ಸ್ನಾಯು ಹರಿಯುವ ಬೇನೆಯನ್ನು ವಿವರಿಸಿ, ಅದಕ್ಕೆ ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗನ ಅಡ್ಡಹೆಸರಾದ ಸ್ಯಾಚ್ಮೋ ಎಂಬುದನ್ನೇ ಇಟ್ಟರು. ತುಟಿಯ ಬೇನೆಯಿಂದ ನರಳಿದ ಆ ಮಹಾವಾದಕನ ಹೆಸರು ಹೀಗೆ ವೈದ್ಯಗ್ರಂಥವನ್ನೂ ಸೇರಿತು. ಅದೃಷ್ಟವಶಾತ್ ನನ್ನ ಸ್ನಾಯು ಹರಿದಿರಲಿಲ್ಲ, ಸೋತಿತ್ತು. ಆದರೆ ಮನೆಯಲ್ಲಿ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಟ್ರಂಪೆಟ್ ಊದಲಾಗದವನನ್ನು ಜಾಗಟೆಗೆ ಹಾಕಬಹುದು, ಇಲ್ಲವೇ ಮನೆಗೆ ಕಳುಹಿಸಬಹುದು. ಮೂವತ್ತೇಳನೆಯ ವಯಸ್ಸಿನಲ್ಲಿ ಬೇರೆ ಕಸುಬನ್ನು ಎಲ್ಲಿಂದ ಕಲಿಯಲಿ?

ಮೂರು ತಿಂಗಳು ಕಳೆದಮೇಲೆ, ನಿವೃತ್ತರಾಗಿದ್ದ ಒಬ್ಬ ಹಿರಿಯ ವಾದಕರ ಮನೆಗೆ ಹೋದೆ. ಅವರು ನನ್ನ ಪೆಟ್ಟಿಗೆಯನ್ನು ತೆರೆದು, ಮೌತ್‌ಪೀಸನ್ನು ಮಾತ್ರ ಎತ್ತಿಕೊಂಡು, ಪೆಟ್ಟಿಗೆಯನ್ನು ಮುಚ್ಚಿ ಮಂಚದ ಕೆಳಗೆ ತಳ್ಳಿದರು. ಮೌತ್‌ಪೀಸೆಂದರೆ ವಾದ್ಯದ ತುದಿಗೆ ಸಿಕ್ಕಿಸುವ ಪುಟ್ಟ ಬಟ್ಟಲು. ತುಟಿ ತಾಗುವ ಅದರ ಒಳಬಾಯಿ 16-17 ಮಿಲಿಮೀಟರಿಗಿಂತ ಹೆಚ್ಚಿಲ್ಲ. ಹಾರ್ಮೋನಿಯಮ್ಮಿನಲ್ಲಿ ಷಡ್ಜ ಹಿಡಿದು, "ಇದನ್ನು ಇದರಲ್ಲಿ ನುಡಿಸು" ಎಂದರು.

ನುಡಿಸಲಾರದೆ ಹೋದೆ. ಬಂದದ್ದು ಕುದಿಯುವ ನೀರಿನ ಸದ್ದು. ಷಡ್ಜವೆಂದು ಊದಿದರೆ ರಿಷಭಕ್ಕೆ ಜಾರುತ್ತಿತ್ತು, ಇಲ್ಲವೇ ಕೆಳಗೆ ಎಲ್ಲಿಯೋ ಮುಗ್ಗರಿಸುತ್ತಿತ್ತು. ಹದಿನೇಳು ವರ್ಷ ಸಾವಿರಾರು ಜನರ ಮುಂದೆ ನುಡಿಸಿದವನಿಗೆ ಒಂದು ಷಡ್ಜ ಹಿಡಿಯಲು ಬರುತ್ತಿರಲಿಲ್ಲ! ಕಾರಣ ನನಗೆ ಅಂದೇ ಹೊಳೆಯಿತು. ಕೊಳವೆ ತನಗೊಪ್ಪುವ ಸ್ವರಗಳಿಗೆ ನನ್ನನ್ನು ಎಳೆದುಕೊಂಡು ಹೋಗಿ ಕೂರಿಸುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದ ಹುಡುಗ ಉತ್ತರ ಹೇಳಿಕೊಡುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಪಕ್ಕದವನನ್ನು ಎಬ್ಬಿಸಿ ಕಳುಹಿಸಿದಮೇಲೆ ನನ್ನ ವಿದ್ಯೆ ಬಯಲಾಯಿತು. ಬಿಡಿ ಮೌತ್‌ಪೀಸಿನಲ್ಲಿ ಮೆಟ್ಟಲುಗಳಿಲ್ಲ; ಎಲ್ಲ ಸ್ವರಗಳೂ ಒಂದರೊಳಗೊಂದು ಜಾರುವ ಇಳಿಜಾರು. ಅಲ್ಲಿ ಸ್ವರವನ್ನು ಕಿವಿ ಮೊದಲು ಕೇಳಿಕೊಳ್ಳಬೇಕು, ಆಮೇಲೆ ತುಟಿ ಅದನ್ನು ಆಡಬೇಕು. ಹಾಡುಗಾರನಿಗೆ ಇದು ಹುಟ್ಟುಗುಣ. ನಾನು ಹಾಡುತ್ತಿರಲಿಲ್ಲ, ಗುಂಡಿ ಒತ್ತುತ್ತಿದ್ದೆ.

ಅವರು ಹೇಳಿಕೊಟ್ಟ ಕ್ರಮ ಸರಳವಾದದ್ದು. ಮೊದಲು ಬರಿಯ ತುಟಿ. 'ಮ್' ಎಂದು ಹೇಳುವಾಗ ತುಟಿಗಳು ಹೇಗೆ ಕೂಡುತ್ತವೆಯೋ ಹಾಗೆ ಕೂಡಿಸಿ, ಬಾಯಿಯ ಎರಡು ಮೂಲೆಗಳನ್ನು ಗಟ್ಟಿಯಾಗಿರಿಸಿ, ನಡುಭಾಗವನ್ನು ಸಡಿಲಬಿಟ್ಟು ಉಸಿರು ಹರಿಸುವುದು. ಝೇಂಕಾರ ಮೂಡಿದರೆ ಸಾಕು, ಅರ್ಧ ನಿಮಿಷದಲ್ಲಿ ನಿಲ್ಲಿಸುವುದು. ಅನಂತರ ಮೌತ್‌ಪೀಸು. ಅದನ್ನು ಬಾಲದ ತುದಿಯಲ್ಲಿ ಎರಡೇ ಬೆರಳಿನಿಂದ ಹಿಡಿಯಬೇಕು. ಆಗ ಅದುಮಬೇಕೆಂದರೂ ಬೆರಳು ಜಾರುತ್ತದೆ. ನಡುಸ್ಥಾಯಿಯ ಒಂದು ಸ್ವರವನ್ನು ಶ್ರುತಿಗೆ ಸೇರಿಸಿ ಹಿಡಿಯುವುದು. ಅಲ್ಲಿಂದ ಪಂಚಮದವರೆಗೆ ಮೆಲ್ಲನೆ ಜಾರಿ ಏರಿ, ಮೆಲ್ಲನೆ ಜಾರಿ ಇಳಿಯುವುದು. ನಡುವೆ ಎಲ್ಲಿಯೂ ಝೇಂಕಾರ ಕಡಿಯಬಾರದು. ಆಮೇಲೆ ಮಕ್ಕಳ ಪದದಂತಹ ಒಂದು ಸುಲಭದ ಹಾಡು. ಊದಿದಷ್ಟೇ ಹೊತ್ತು ವಿಶ್ರಾಂತಿ. ದಿನಕ್ಕೆ ಎರಡು ಬಾರಿ, ಬಾರಿಗೆ ಐದೇ ನಿಮಿಷ. ಮೊದಲ ನಾಲ್ಕು ವಾರ ಪೆಟ್ಟಿಗೆ ಮಂಚದ ಕೆಳಗೆಯೇ ಇದ್ದಿತು.

ಕೈ ಕೆಸರಾದರೆ ಬಾಯಿ ಮೊಸರೆಂದು ಗಾದೆ. ನಮ್ಮ ಕಸುಬಿನಲ್ಲಿ ಬಾಯಿಯೇ ಕೆಸರಾಗಬೇಕು. ನಸುಕಿನಲ್ಲಿ ಅಡಿಗೆಮನೆಯ ಮೂಲೆಯಲ್ಲಿ ನಾನು ಝೇಂಕರಿಸುತ್ತಿದ್ದರೆ ನನ್ನ ಹೆಂಡತಿ, "ಸೊಳ್ಳೆಯಾದರೂ ರಾಗವಾಗಿ ಹಾಡುತ್ತದೆ" ಎನ್ನುತ್ತಿದ್ದಳು. ಆರನೆಯ ವಾರದಲ್ಲಿ ಒಂದು ದಿನ ಅವಳು ಒಲೆಯ ಮುಂದೆ ನನ್ನ ಝೇಂಕಾರದೊಡನೆ ತಾನೂ ಗುನುಗಿದಳು. ಸ್ವರ ಸ್ಥಾನಕ್ಕೆ ಬಂದಿದೆಯೆಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಾಗಲಿಲ್ಲ.

ಮುಂದೆ ಓದಿದಾಗ, ಈ ದಾರಿಯಲ್ಲಿ ನನಗಿಂತ ಬಹು ದೊಡ್ಡವರು ನಡೆದಿದ್ದಾರೆಂದು ತಿಳಿಯಿತು. ಅಮೆರಿಕದ ಜೇಮ್ಸ್ ಸ್ಟ್ಯಾಂಪ್ ಎಂಬ ಗುರು ಮೌತ್‌ಪೀಸಿನ ಸಾಧನೆಯನ್ನೇ ಪಾಠದ ಅಡಿಪಾಯ ಮಾಡಿಕೊಂಡಿದ್ದರು. ಅವರ ಅಭ್ಯಾಸಗಳ ಪುಸ್ತಕ 1978ರಲ್ಲಿ ಅಚ್ಚಾಯಿತು. ಸ್ವರ ಏರುವಾಗ ಮನಸ್ಸಿನಲ್ಲಿ ಇಳಿಯುತ್ತಿರಬೇಕು, ಇಳಿಯುವಾಗ ಏರುತ್ತಿರಬೇಕು ಎಂಬುದು ಅವರ ಬೋಧೆ. ಮೇಲೇರುವಾಗ ಬಿಗಿಯುವ, ಕೆಳಗಿಳಿಯುವಾಗ ಕುಸಿಯುವ ತುಟಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಶಿಕಾಗೋ ಸಿಂಫೊನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ಕೂಡ ಶಿಷ್ಯರಿಗೆ ಮೌತ್‌ಪೀಸಿನಲ್ಲಿ ಹಾಡು ನುಡಿಸಲು ಹೇಳುತ್ತಿದ್ದರು. ಅದೇ ವಾದ್ಯವೃಂದದ ಮುಖ್ಯ ಟ್ರಂಪೆಟ್ ವಾದಕ ಅಡಾಲ್ಫ್ ಹರ್ಸೆತ್ 1952ರಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಹಲ್ಲು ಕಳೆದುಕೊಂಡು ತುಟಿ ಸೀಳಿಸಿಕೊಂಡರು. ಆದರೂ ಮರಳಿ ಬಂದು 2001ರವರೆಗೆ ಆ ಪೀಠದಲ್ಲಿಯೇ ಕುಳಿತು ನುಡಿಸಿದರು. ಅದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಈ ಸಾಧನೆಯನ್ನು ಒಪ್ಪದ ಗುರುಗಳೂ ಇದ್ದಾರೆ. ಅವರ ಮಾತನ್ನು ಮರೆಮಾಚಬಾರದು. ಕೊಳವೆಯ ಆಸರೆಯಿಲ್ಲದೆ ಅದುರಬೇಕಾದ ತುಟಿ ಅಗತ್ಯಕ್ಕಿಂತ ಬಿಗಿಯಾಗಬೇಕಾಗುತ್ತದೆ, ಆ ಬಿಗಿಯೇ ರೂಢಿಯಾದರೆ ವಾದ್ಯದ ನಾದ ಒಣಗುತ್ತದೆ ಎಂಬುದು ಅವರ ಆಕ್ಷೇಪ. ಇದರಲ್ಲಿ ಸತ್ಯವಿದೆ. ಆರಂಭದ ಉತ್ಸಾಹದಲ್ಲಿ ಒಂದು ದಿನ ಅರ್ಧ ಗಂಟೆ ಬರಿಯ ತುಟಿಯಲ್ಲಿ ಝೇಂಕರಿಸಿ ಮಾರನೆಯ ದಿನ ಮರಗಟ್ಟಿದ ತುಟಿಯಿಂದ ನಾನೇ ಪಶ್ಚಾತ್ತಾಪಪಟ್ಟದ್ದುಂಟು. ಉಪ್ಪು ಅಡಿಗೆಗೆ ಬೇಕು, ಉಪ್ಪೇ ಅಡಿಗೆಯಲ್ಲ. ಝೇಂಕಾರ ಮುಗಿದೊಡನೆ ಅದೇ ಸ್ವರವನ್ನು, ಅದೇ ಉಸಿರಿನಲ್ಲಿ ವಾದ್ಯಕ್ಕೆ ಕೊಂಡೊಯ್ಯಬೇಕು. ಸಾಧನೆಯ ಫಲ ಅಲ್ಲಿ ಕಾಣಬೇಕೇ ಹೊರತು ಮೌತ್‌ಪೀಸಿನಲ್ಲಿ ಅಲ್ಲ.

ಎಂಟು ತಿಂಗಳಮೇಲೆ ನಾನು ನನ್ನ ಸಾಲಿಗೆ ಹಿಂದಿರುಗಿದೆ. ಎಲ್ಲವೂ ಮರಳಿತೆಂದು ಹೇಳಿದರೆ ಸುಳ್ಳಾದೀತು. ಯೌವನದಲ್ಲಿ ಮೆರೆಸಿದ ಆ ತುತ್ತತುದಿಯ ಸ್ವರಗಳು ಮತ್ತೆಂದೂ ಬರಲಿಲ್ಲ. ಆದರೆ ನಡುಸ್ಥಾಯಿಯಲ್ಲಿ ಹಿಂದೆಂದೂ ಇಲ್ಲದ ಒಂದು ದುಂಡುತನ ಬಂದಿತು. ಮೊದಲು ಜನ ಬೆರಗಾಗಿ ತಲೆಯೆತ್ತುತ್ತಿದ್ದರು, ಆಮೇಲೆ ತಲೆದೂಗತೊಡಗಿದರು. ಹೀಗೆ ಇನ್ನೂ ಹದಿನೇಳು ವರ್ಷ, 2010ರವರೆಗೆ ದುಡಿದೆ.

ಈಗ ನನ್ನ ಮುಂದಿನ ಹಲ್ಲುಗಳು ಕಟ್ಟಿಸಿದವು. ವಾದ್ಯವನ್ನು ಒಬ್ಬ ಹುಡುಗನಿಗೆ ಕೊಟ್ಟುಬಿಟ್ಟಿದ್ದೇನೆ. ಮದುವೆಯ ಬ್ಯಾಂಡುಗಳಲ್ಲಿ ಊದುವ ಕೆಲವು ಹುಡುಗರು ನನ್ನ ಜಗುಲಿಗೆ ಬರುತ್ತಾರೆ. ಲಗ್ನದ ಕಾಲದಲ್ಲಿ ಅವರಿಗೆ ಒಂದೇ ದಿನ ಎರಡು ಮೂರು ದಿಬ್ಬಣ. ಸೋತ ತುಟಿಗೆ ವಾದ್ಯವನ್ನು ಅದುಮಿ, ರಕ್ತದ ರುಚಿ ನುಂಗುತ್ತಾ ಮೆರವಣಿಗೆ ಮುಗಿಸುತ್ತಾರೆ. ತುಟಿ ಸೋತರೆ ಅಂದಿನ ಕೂಲಿಯೂ ಹೋದಂತೆ. ಮೊದಲ ದಿನ ನಾನೂ ಅವರ ಪೆಟ್ಟಿಗೆಯನ್ನು ಮುಚ್ಚಿ ಮಂಚದ ಕೆಳಗೆ ತಳ್ಳುತ್ತೇನೆ. ಅವರ ಮುಖದಲ್ಲಿ ಮೂಡುವ ಅಸಮಾಧಾನವನ್ನು ಕಂಡು, ನನ್ನ ಮುಖವೂ ಅಂದು ಹೀಗೆಯೇ ಇದ್ದಿರಬೇಕೆಂದುಕೊಳ್ಳುತ್ತೇನೆ.

ಮುಂದಿನ ಬಾರಿ ದಿಬ್ಬಣವೊಂದು ತಮ್ಮ ಬೀದಿಯಲ್ಲಿ ಸಾಗಿದಾಗ, ಹಿತ್ತಾಳೆಯ ಹೊಳಪಿನ ಮೇಲಿಂದ ಕಣ್ಣನ್ನು ಸ್ವಲ್ಪ ಈಚೆಗೆ ತಂದು ಊದುವವನ ತುಟಿಯನ್ನು ನೋಡಿ. ಸಾಧ್ಯವಾದರೆ ದಿಬ್ಬಣ ನಿಂತಲ್ಲಿ ಆ ಹುಡುಗನಿಗೆ ಒಂದು ಲೋಟ ನೀರು ಕೊಡಿ. ಐದು ನಿಮಿಷದ ಬಿಡುವನ್ನೂ ಕೊಡಿ. ಊದಿದಷ್ಟೇ ಹೊತ್ತು ವಿಶ್ರಾಂತಿಯೆಂಬ ನಮ್ಮ ಶಾಸ್ತ್ರವನ್ನು ಪಾಲಿಸಲು ಅವನೊಬ್ಬನಿಂದ ಆಗುವುದಿಲ್ಲ, ಊದಿಸುವವರೂ ಮನಸ್ಸು ಮಾಡಬೇಕು.