ಗೆರೆಯ ಹೊರಗಿನ ಗಂಟಲು



ಮಳೆ ಒಂದಿಷ್ಟು ಬಿಡುವು ಕೊಟ್ಟಿತೆಂದರೆ ನಮ್ಮ ಚನ್ನಪಟ್ಟಣದ ಕಡೆ ಶಾಲಾ ಕ್ರೀಡಾಕೂಟಗಳ ಕಾಲ. ಮೊದಲು ಹೋಬಳಿ ಮಟ್ಟ, ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ. ಮೈದಾನಕ್ಕೆ ಸುಣ್ಣದ ಗೆರೆ ಎಳೆದು, ಶಾಮಿಯಾನದಡಿ ಮೈಕು ಇಟ್ಟು, ಪಿ.ಟಿ. ಮೇಷ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡರೆ ಕೂಟ ಶುರು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಗೆರೆಯ ಹೊರಗೆ ನಿಂತ ಅಪ್ಪ ಅಮ್ಮಂದಿರ ಬಗ್ಗೆ.

ಅವರ ಮಾತು ನಿಮಗೂ ಗೊತ್ತು. “ಹಿಡ್ಕಳ್ಳಲಾ ಅವನ್ನ!” “ಕಾಲಿಗೆ ಹಾಕ್ಲಾ!” “ಏನ್ ಮೇಷ್ಟ್ರೇ, ಕಣ್ ಕಾಣಕಿಲ್ವಾ?” ಆಮೇಲೆ, ಸೋತು ಬಂದ ಹುಡುಗನ ತೋಳು ಹಿಡಿದೆಳೆದು, ಎಲ್ಲರ ಎದುರಿಗೇ, “ಉಣ್ಣಾಕ್ ಮಾತ್ರ ಲಾಯಕ್ಕು ನೀನು.” ಅಕ್ಕರೆ ಹೆಚ್ಚಾಗಿ ಹೀಗೆ ಬಾಯಿಗೆ ಬಂತು ಎಂದು ಸಮಾಧಾನ ಹೇಳುವವರಿದ್ದಾರೆ. ಇರಬಹುದು. ಆದರೆ ಈ ಕೂಗಿನಿಂದ ಆಟಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಮಕ್ಕಳು ಹೆಚ್ಚಾಗಿ ಆಡುವುದು ಕಬಡ್ಡಿ, ಖೋ ಖೋ. ಎರಡಕ್ಕೂ ಕಾಲು ಎಷ್ಟು ಮುಖ್ಯವೋ ಕಿವಿಯೂ ಅಷ್ಟೇ ಮುಖ್ಯ.

ಎದುರಾಳಿಯ ಅಂಗಳಕ್ಕೆ ಹೋದ ರೈಡರ್‌ಗೆ 30 ಸೆಕೆಂಡ್ ಅವಕಾಶ. ಅಷ್ಟು ಹೊತ್ತೂ ಅವನು “ಕಬಡ್ಡಿ, ಕಬಡ್ಡಿ” ಎಂದು ಎಡೆಬಿಡದೆ, ಅಂಪೈರ್‌ಗೆ ಕೇಳಿಸುವ ಹಾಗೆ ಹೇಳುತ್ತಿರಬೇಕು. ದಮ್ಮು ಕಡಿದರೆ ಔಟ್. ಎಂಟನೇ ಕ್ಲಾಸಿನ ಹುಡುಗನ ಸ್ವರ ಎಷ್ಟು ದೊಡ್ಡದಿದ್ದೀತು? ಸುತ್ತ ದೊಡ್ಡವರು ಗಂಟಲು ಹರಿದುಕೊಂಡು ಕೂಗುತ್ತಿದ್ದರೆ ಅವನ ದಮ್ಮು ಅಂಪೈರ್ ಕಿವಿಗೆ ಮುಟ್ಟುವುದೇ ಇಲ್ಲ. ಆಮೇಲೆ ಔಟ್ ಕೊಟ್ಟರೆಂದು ಜಗಳಕ್ಕೆ ಬರುವವರೂ ಅವರೇ.

ಇನ್ನೊಂದು, ಲಾಬಿ. ಕಬಡ್ಡಿ ಅಂಕಣದ ಎರಡು ಪಕ್ಕಕ್ಕೂ ಒಂದೊಂದು ಮೀಟರ್ ಅಗಲದ ಪಟ್ಟಿ ಇರುತ್ತದಲ್ಲ, ಅದು. ಯಾರನ್ನೂ ಮುಟ್ಟುವ ಮೊದಲು ರೈಡರ್ ಅಲ್ಲಿ ಕಾಲಿಟ್ಟರೆ ಔಟ್. ಮುಟ್ಟಿದ ಮೇಲೆ ಅದೇ ಪಟ್ಟಿ ಅಂಕಣದ ಭಾಗ, ಕಾಲಿಟ್ಟರೆ ತಪ್ಪಿಲ್ಲ. ಬೆರಳು ಮೊದಲು ತಾಕಿತೋ, ಪಾದ ಮೊದಲು ಊರಿತೋ? ಇಡೀ ತೀರ್ಪು ಆ ಅರೆಕ್ಷಣದ ಮೇಲೆ ನಿಂತಿದೆ. ಅದನ್ನು ನೋಡಲೆಂದೇ ಎರಡು ಬದಿಗೆ ಇಬ್ಬರು ಅಂಪೈರ್, ಅವರ ಮೇಲೊಬ್ಬ ರೆಫರಿ. ಜನರ ಹೆಗಲ ಮೇಲಿಂದ ಇಣುಕುವ ಅಪ್ಪನಿಗೆ ಕಾಣುವುದು ಎದುರು ಹುಡುಗನ ಕಾಲು ಪಟ್ಟಿಯಲ್ಲಿ ಇತ್ತು ಎಂಬುದಷ್ಟೇ. ಟಿ.ವಿ.ಯ ಪ್ರೊ ಕಬಡ್ಡಿಯಲ್ಲಾದರೆ ರಿವ್ಯೂ ಕೇಳಬಹುದು, ನಿಧಾನವಾಗಿ ತಿರುಗಿಸಿ ತೋರಿಸುತ್ತಾರೆ. ಹೋಬಳಿ ಮೈದಾನದಲ್ಲಿ ಇರುವುದು ಮೇಷ್ಟ್ರ ಎರಡು ಕಣ್ಣು. ನನ್ನ ಅಂದಾಜಿನಲ್ಲಿ ನಮ್ಮ ಕಬಡ್ಡಿ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಮೀಟರ್ ಪಟ್ಟಿಯಲ್ಲೇ.

ಖೋ ಖೋದಲ್ಲಂತೂ ಕೂಗಿನ ಕೆಡುಕು ಇನ್ನೂ ನೇರ. ಎಂಟು ಮಕ್ಕಳು ಒಬ್ಬರು ಆಚೆ, ಒಬ್ಬರು ಈಚೆ ಮುಖ ಮಾಡಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಓಡುವವಳು ಹಿಂದಿನಿಂದ ಬಂದು ಮುಟ್ಟಿ, ಗಟ್ಟಿಯಾಗಿ “ಖೋ” ಅನ್ನಬೇಕು. ಅದಕ್ಕೆ ಮುಂಚೆ ಎದ್ದರೆ ಫೌಲ್. ಹೊರಗಿನಿಂದ ಅಮ್ಮ “ಏಳೇ, ಏಳೇ” ಎಂದು ಕೂಗಿದಳು, ಮಗಳು ಎದ್ದಳು, ಸೀಟಿ ಮೊಳಗಿತು. ಬೈಸಿಕೊಳ್ಳುವವಳು ಮಾತ್ರ ಮಗಳು.

ಚೆನ್ನಾಗಿ ಅಭ್ಯಾಸವಾದ ಆಟವನ್ನು ಮೈ ತಾನಾಗಿ ಆಡುತ್ತದೆ. ಹೆಜ್ಜೆ ಹೆಜ್ಜೆಗೂ ಹೊರಗಿನಿಂದ ಅಪ್ಪಣೆ ಬಂದರೆ ಹುಡುಗ ಎದುರಾಳಿಯ ಕಾಲು ನೋಡುವುದು ಬಿಟ್ಟು ಅಪ್ಪನ ಮುಖ ನೋಡುತ್ತಾನೆ. ಗದರಿಕೆಯ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಮಾಲ್ ಮತ್ತು ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಗದರುವುದನ್ನು ಬಿಡಿಸಿ, ಪ್ರಯತ್ನಕ್ಕೆ ಶಹಬ್ಬಾಸ್ ಹೇಳಿ ತಪ್ಪು ತಿದ್ದುವ ಕ್ರಮ ಕಲಿಸಿದರು. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅಂಥ ಕೋಚ್‌ಗಳ ಹುಡುಗರಲ್ಲಿ ಮುಂದಿನ ವರ್ಷ ಆಟ ಬಿಟ್ಟವರು 100ಕ್ಕೆ 5. ಬೇರೆ ಕೋಚ್‌ಗಳ ಹುಡುಗರಲ್ಲಿ 26. ಇದು ಕೋಚ್‌ಗಳ ಲೆಕ್ಕ. ಕೋಚ್ ಸಂಜೆಗೆ ಬಿಟ್ಟು ಹೋಗುತ್ತಾನೆ, ಅಪ್ಪ ಮನೆತನಕ ಜೊತೆಗೇ ಬರುತ್ತಾನೆ.

ಅಪ್ಪ ಅಮ್ಮಂದಿರ ಈ ಚಾಳಿ ನಮ್ಮದೊಂದೇ ಅಲ್ಲ. ಟೆನಿಸ್ ಆಟಗಾರ್ತಿ ಯೆಲೆನಾ ಡೋಕಿಚ್‌ಳ ತಂದೆ 2000ದ ಅಮೆರಿಕನ್ ಓಪನ್‌ನಲ್ಲಿ ಊಟದ ಮೀನಿನ ಬೆಲೆ ಹೆಚ್ಚಾಯಿತೆಂದು ರಂಪ ಮಾಡಿ ಹೊರದಬ್ಬಿಸಿಕೊಂಡ, ಮಹಿಳಾ ಟೆನಿಸ್ ಸಂಸ್ಥೆ ಅವನಿಗೆ ಆರು ತಿಂಗಳ ನಿಷೇಧ ಹಾಕಿತು. ನಗು ಬರುತ್ತದೆ. ಮನೆಯಲ್ಲಿ ಅವನು ಹೊಡೆಯುತ್ತಿದ್ದುದನ್ನು ಮಗಳು 2017ರಲ್ಲಿ ಪುಸ್ತಕವಾಗಿ ಬರೆದಾಗ ಆ ನಗು ಉಳಿಯಲಿಲ್ಲ. ಅಮೆರಿಕದ ಒಹಾಯೊದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗೊಂದು 1999ರ ಅಕ್ಟೋಬರಿನ ಒಂದು ಭಾನುವಾರ ಪೋಷಕರಿಗೆಲ್ಲ ಬಾಯಿ ಮುಚ್ಚಿಕೊಂಡು ನೋಡಿ ಎಂದು ನಿಯಮ ಮಾಡಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಿಂದ ಮಕ್ಕಳ ಆಟದಲ್ಲಿ ಪೋಷಕರನ್ನು ಹಗ್ಗದಾಚೆ ನಿಲ್ಲಿಸುವ ಕ್ರಮ ತಂದಿತು.

ಅಷ್ಟು ದೂರ ಏಕೆ, ನಮ್ಮೂರ ಮುಂದಿನ ರಸ್ತೆ ಹಿಡಿದು ಮೈಸೂರಿಗೆ ಹೋದರೆ ಸಾಕು. 2023ರ ಡಿಸೆಂಬರಿನಲ್ಲಿ ಅಲ್ಲಿನ ಒಡೆಯರ್ ಮೈದಾನದಲ್ಲಿ ಕಿರಿಯರ ಕ್ರಿಕೆಟ್ಟಿನ ಕೂಚ್ ಬೆಹಾರ್ ಟ್ರೋಫಿ ಪಂದ್ಯ, ಕರ್ನಾಟಕಕ್ಕೂ ಜಮ್ಮು ಕಾಶ್ಮೀರಕ್ಕೂ. ಕರ್ನಾಟಕದ ಪರ ಸಮಿತ್ ಆಡುತ್ತಿದ್ದ. ಅವನ ತಂದೆ ರಾಹುಲ್ ದ್ರಾವಿಡ್, ಆಗ ಭಾರತ ತಂಡದ ಕೋಚ್, ಹೆಂಡತಿಯ ಜೊತೆ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಕೂಗಿ ಹೇಳಿಕೊಡುವ ಯೋಗ್ಯತೆ ಯಾರಿಗಾದರೂ ಇದ್ದರೆ ಅವರಿಗಿತ್ತು. ತಂದೆ, ಕೋಚ್ ಎರಡೂ ಆಗುವುದು ಕಷ್ಟ, ತಂದೆಯಾಗಿರುವುದೇ ಸಂತೋಷ ಎಂದು ಅವರು ಹೇಳಿದ್ದುಂಟು. ಇದೇ ದ್ರಾವಿಡ್ 2015ರಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟಾಗ, ಹುಟ್ಟಿದ ತಾರೀಖು ತಿದ್ದಿಸಿ ಮಕ್ಕಳನ್ನು ಕಿರಿಯರ ತಂಡಕ್ಕೆ ತೂರಿಸುವ ಪೋಷಕರನ್ನೂ ಕೋಚ್‌ಗಳನ್ನೂ ನೇರವಾಗಿ ತರಾಟೆಗೆ ತೆಗೆದುಕೊಂಡರು. 14, 17 ವರ್ಷದೊಳಗಿನವರ ವಿಭಾಗಗಳಿರುವ ಶಾಲಾ ಕ್ರೀಡಾಕೂಟಕ್ಕೂ ಆ ಮಾತು ಸಲ್ಲುತ್ತದೆ. ಸರ್ಟಿಫಿಕೇಟು, ಸಿ.ಇ.ಟಿ.ಯ ಕ್ರೀಡಾ ಕೋಟಾ ಎಂಬ ಆಸೆ ಹೊರಗಿನ ಕೂಗಿನ ಹಿಂದೆ ಎಷ್ಟಿದೆ ಎಂಬುದನ್ನು ಪೋಷಕರೇ ಎಣಿಸಿಕೊಳ್ಳಬೇಕು.

ಕೂಗು ಹೊಡೆತಕ್ಕೆ ತಿರುಗುವುದೂ ಉಂಟು, ಆದ್ದರಿಂದ ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮಗುವಿನ ಹೊಣೆ ಹೊತ್ತವರೇ ಹೊಡೆದು ಅದಕ್ಕೆ ವಿನಾ ಕಾರಣ ಯಾತನೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಸೆರೆ ಆಗಬಹುದು. ಅಪ್ಪ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಅಂಪೈರ್ ಆಗಿ ನಿಂತ ಸರ್ಕಾರಿ ಶಾಲೆಯ ಮೇಷ್ಟ್ರು ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ. ಕೊರಳಪಟ್ಟಿ ಹಿಡಿದರೆ ಅದು ಬೇರೆಯದೇ ಕೇಸು.

ಇಷ್ಟೆಲ್ಲ ಹೇಳಿದೆನೆಂದು ಮನೆಯಲ್ಲೇ ಕೂತುಬಿಡಬೇಡಿ. ನಮ್ಮ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ಗೆರೆಯ ಹೊರಗೆ ಯಾರೂ ಇರುವುದಿಲ್ಲ. ರೇಷ್ಮೆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು, ಬೊಂಬೆ ಕಾರ್ಖಾನೆಯಲ್ಲಿ ರಜೆ ಕೊಡುವುದಿಲ್ಲ, ಕೂಲಿ ಬಿಟ್ಟರೆ ಆ ದಿನದ ದುಡ್ಡಿಲ್ಲ. ಕೂಗುವ ಅಪ್ಪನಿಗಿಂತ ಬಾರದ ಅಪ್ಪನೇ ಅಲ್ಲಿ ಹೆಚ್ಚು.

ಆದ್ದರಿಂದ ಒಂದು ಗಂಟೆ ಬಿಡುವು ಮಾಡಿಕೊಂಡಾದರೂ ಹೋಗಿ. ರೈಡ್ ಮುಗಿದ ಮೇಲೆ ಚಪ್ಪಾಳೆ ತಟ್ಟಿ, ನಡೆಯುವಾಗ ಬೇಡ. ತೀರ್ಪಿನ ಮೇಲೆ ತಕರಾರಿದ್ದರೆ ತಂಡದ ಜೊತೆ ಬಂದ ಮೇಷ್ಟ್ರಿಗೆ ಹೇಳಿ, ಅವರು ಕೇಳಲಿ. ಎದುರು ಶಾಲೆಯ ಮಗು ಚೆನ್ನಾಗಿ ಆಡಿದರೆ ಅದಕ್ಕೂ ಎರಡು ಚಪ್ಪಾಳೆ ಇರಲಿ. ಮನೆಗೆ ಬರುವ ದಾರಿಯಲ್ಲಿ ಆಟದ ಮಾತನ್ನು ಮಗುವೇ ತೆಗೆಯುವವರೆಗೆ ನೀವು ತೆಗೆಯಬೇಡಿ.