ಆ ಬಾಟಲಿಯಲ್ಲಿ ಇರುವುದು ಯಾರ ರಕ್ತ?



ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗುರುಗಳು ಹೇಳಿದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಕಂಪ್ಯೂಟರ್ ಕೆಲಸ. ವೈದ್ಯನಲ್ಲ. ಆದರೂ ಒಂದು ಔಷಧದ ಬಗ್ಗೆ ತಿಳಿದುಕೊಳ್ಳಲೇಬೇಕಾದ ಪ್ರಸಂಗ ನಮ್ಮ ಮನೆಗೆ ಬಂತು. ಅದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾನ ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತು. ಕಮಲಾಪುರದಿಂದ ಕಲಬುರಗಿಗೆ ಕರೆದೊಯ್ದು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ ಆರು ಲೀಟರ್ ನೀರು ತೆಗೆದು ಅಲ್ಬುಮಿನ್ ಏರಿಸಿದರು. ಆಮೇಲೆ ದಿನಾ ಅದೇ ಚೀಟಿ. ನೂರು ಎಂಎಲ್‌ನ ಒಂದು ಬಾಟಲಿಗೆ ಸಾವಿರಗಟ್ಟಲೆ ರೂಪಾಯಿ. ಕಾಕು ತಮ್ಮ ಬಂಗಾರ ಒತ್ತೆ ಇಟ್ಟರು. ಒಂದು ಸಂಜೆ ನಾನು ಬಾಟಲಿ ಮೇಲಿನ ಚೀಟಿ ಓದಿ, ಇದನ್ನು ಮನುಷ್ಯರ ರಕ್ತದಿಂದ ಮಾಡುತ್ತಾರೆ ಎಂದೆ. ಕಾಕು ಗಾಬರಿಯಾಗಿ, "ಇದು ಯಾರ ರಕ್ತ ಅದ ತಮ್ಮಾ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಅಲ್ಬುಮಿನ್ ಒಂದು ಪ್ರೋಟೀನ್. ಲಿವರ್ ಅದನ್ನು ದಿನಕ್ಕೆ 10ರಿಂದ 15 ಗ್ರಾಂ ತಯಾರಿಸುತ್ತದೆ. ರಕ್ತದ ನೀರು ನಾಳದ ಒಳಗೇ ನಿಲ್ಲುವಂತೆ ಹಿಡಿದಿಡುವುದು ಅದರ ಮುಖ್ಯ ಕೆಲಸ. ಶೇ. 20ರ ನೂರು ಎಂಎಲ್ ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ. ದಾನಿಯೊಬ್ಬರು ಕೊಡುವ 350 ಎಂಎಲ್ ರಕ್ತದಲ್ಲಿ ಇರುವುದು ಏಳೆಂಟು ಗ್ರಾಂ ಮಾತ್ರ. ಅಂದರೆ ಒಂದು ಬಾಟಲಿಗೆ ಕಡಿಮೆಯೆಂದರೂ ಮೂವರ ರಕ್ತ ಬೇಕು. ಕಾರ್ಖಾನೆಯಲ್ಲಿ ಸಾವಿರಾರು ಜನರ ಪ್ಲಾಸ್ಮಾ ಕೂಡಿಸಿ, ಅಲ್ಬುಮಿನ್ ಬೇರ್ಪಡಿಸಿ, ರೋಗಾಣು ಸಾಯಲಿ ಎಂದು 60 ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸುತ್ತಾರೆ. ಹೀಗಾಗಿ ಕಾಕುವಿನ ಪ್ರಶ್ನೆಗೆ ಒಬ್ಬರ ಹೆಸರು ಹೇಳಲು ಬರುವುದಿಲ್ಲ.

ಮಕ್ಕಳು ಕೇಳಬಹುದು, ಇನ್ಸುಲಿನ್ ಹಾಗೆ ಇದನ್ನೂ ಕಾರ್ಖಾನೆಯಲ್ಲೇ ಯಾಕೆ ಬೆಳೆಸಬಾರದು ಎಂದು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಯೀಸ್ಟ್ ಎಂದರೆ ಬ್ರೆಡ್ ಉಬ್ಬಿಸುವ ಜೀವಿಯ ಜಾತಿಯದೇ. ಅದರೊಳಗೆ ಮನುಷ್ಯನ ಇನ್ಸುಲಿನ್ ಜೀನ್ ಸೇರಿಸಿದರೆ ಅದು ನಮ್ಮ ಇನ್ಸುಲಿನ್ ತಯಾರಿಸುತ್ತದೆ. ಅಲ್ಬುಮಿನ್‌ಗೂ ಇದು ಆಗುತ್ತದೆ, ಆಗಿದೆ. ಹೀಗೆ ತಯಾರಾದದ್ದಕ್ಕೆ ರಿಕಾಂಬಿನೆಂಟ್ ಅಲ್ಬುಮಿನ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವುದಕ್ಕೆ, ಕೆಲವು ಲಸಿಕೆ ಕೆಡದಂತೆ ಇಡುವುದಕ್ಕೆ ಅದು ಈಗಾಗಲೇ ಬಳಕೆಯಲ್ಲಿದೆ. ಅಲ್ಲಿ ಬೇಕಾಗುವುದು ಸ್ವಲ್ಪ.

ತೊಡಕು ಇರುವುದು ಲೆಕ್ಕದಲ್ಲಿ. ಸಕ್ಕರೆ ಕಾಯಿಲೆಯವರು ದಿನಕ್ಕೆ 40 ಯೂನಿಟ್ ಇನ್ಸುಲಿನ್ ತೆಗೆದುಕೊಂಡರೂ ಅದು ಸುಮಾರು ಒಂದೂವರೆ ಮಿಲಿಗ್ರಾಂ. ಅಲ್ಬುಮಿನ್ ಒಂದು ಬಾಟಲಿಗೆ 20 ಗ್ರಾಂ, ಅಂದರೆ ಹದಿಮೂರು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟನ್ನು ಶುದ್ಧವಾಗಿ, ಅಗ್ಗವಾಗಿ ತಯಾರಿಸಬೇಕು. ಜಪಾನ್ ದೇಶ 2007ರಲ್ಲಿ ಯೀಸ್ಟ್ ಅಲ್ಬುಮಿನ್‌ಗೆ ಅನುಮತಿ ಕೊಟ್ಟಿತ್ತು. ಪರೀಕ್ಷೆಯ ಅಂಕಿ ಅಂಶ ತಿದ್ದಿದ್ದು ಬಯಲಾಗಿ 2009ರಲ್ಲಿ ಆ ಔಷಧ ವಾಪಸಾಯಿತು. ಟೆಸ್ಟ್ ರಿಪೋರ್ಟ್ ತಿದ್ದುವ ಚಾಳಿ ಸಾಫ್ಟ್‌ವೇರ್‌ನವರದು ಮಾತ್ರ ಎಂದುಕೊಂಡಿದ್ದೆ.

ಚೀನಾದ ವುಹಾನ್‌ನಲ್ಲಿ ಬೇರೆ ದಾರಿ ಹಿಡಿದರು. ಭತ್ತಕ್ಕೇ ಆ ಜೀನ್ ಸೇರಿಸಿ ಕಾಳಿನಲ್ಲಿ ಅಲ್ಬುಮಿನ್ ತುಂಬುವಂತೆ ಮಾಡಿದರು. 2011ರ ಅವರ ಲೇಖನದ ಪ್ರಕಾರ ಒಂದು ಕಿಲೋ ಅಕ್ಕಿಗೆ 2.75 ಗ್ರಾಂ. ಒಂದು ಬಾಟಲಿಗೆ ಏಳು ಕಿಲೋ ಮೇಲೆ ಅಕ್ಕಿ ಎಂದಾಯಿತು. ಹೊಲದ ಭಾಷೆಯ ಈ ಲೆಕ್ಕ ತೊಗರಿ, ಕೆಂಪು ಬಾಳೆ ಬೆಳೆಯುವ ನಮ್ಮ ಊರಿನವರಿಗೆ ತಿಳಿಯುತ್ತದೆ. 2025ರಲ್ಲಿ ಚೀನಾ ಸರ್ಕಾರ ಲಿವರ್ ರೋಗಿಗಳಿಗೆ ಅದನ್ನು ಕೊಡಲು ಒಪ್ಪಿತು. ಆ ಅಕ್ಕಿ ಉಂಡರೆ ಅಲ್ಬುಮಿನ್ ಏರುವುದಿಲ್ಲ, ನೆನಪಿರಲಿ. ಹೊಟ್ಟೆ ಯಾವ ಪ್ರೋಟೀನನ್ನಾದರೂ ಪುಡಿ ಮಾಡುತ್ತದೆ. ಕಾಳಿನಿಂದ ಬೇರ್ಪಡಿಸಿ, ಶುದ್ಧ ಮಾಡಿ ರಕ್ತನಾಳಕ್ಕೇ ಕೊಡಬೇಕು.

ಇನ್ನು ನಮ್ಮ ಕಾಕಾನ ವಿಷಯ. ಐದು ಲೀಟರ್‌ಗಿಂತ ಹೆಚ್ಚು ನೀರು ತೆಗೆದಾಗ ಲೀಟರಿಗೆ ಎಂಟು ಗ್ರಾಂನಂತೆ ಅಲ್ಬುಮಿನ್ ಕೊಡುವುದು ಸರಿಯಾದ ಚಿಕಿತ್ಸೆ. ಕೊಡದಿದ್ದರೆ ಕಿಡ್ನಿಗೆ ಅಪಾಯ. ಹೊಟ್ಟೆಯ ನೀರಿನಲ್ಲಿ ಸೋಂಕಾದಾಗಲೂ ಕೊಡುತ್ತಾರೆ. ಆದರೆ ರಿಪೋರ್ಟ್‌ನಲ್ಲಿ ಅಂಕಿ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ದಿನಾ ಏರಿಸುವುದು ಬೇರೆ ಮಾತು. ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ ಸುಮಾರು 780 ಲಿವರ್ ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಅಂಕಿ ಏರಿತು, ರೋಗಿಗಳಿಗೆ ಹೆಚ್ಚಿನ ಲಾಭ ಆಗಲಿಲ್ಲ. ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿತು. ನಮ್ಮ ಕಾಕಾಗೆ ಕೊಟ್ಟ ಬಾಟಲಿಗಳಲ್ಲಿ ಎಷ್ಟು ಬೇಕಾಗಿದ್ದವು, ಎಷ್ಟು ಬೇಡವಾಗಿದ್ದವು, ನಾನು ಆಗ ಕೇಳಲಿಲ್ಲ. ಬಿ.ಇ. ಓದಿದ್ದೆ, ಕೇಳುವ ಧೈರ್ಯ ಇರಲಿಲ್ಲ. ನಿಮ್ಮ ಮನೆಯವರಿಗೆ ಇಂಥ ಚೀಟಿ ಬಂದರೆ, "ಡಾಕ್ಟರ್ ಸಾಹೇಬ್ರ, ಇದು ಯಾವ ಕಾರಣಕ್ಕ ಬೇಕಾಗ್ಯಾದ್ರಿ?" ಎಂದು ಕೇಳಿ. ಒಳ್ಳೆಯ ಡಾಕ್ಟರರು ಸಿಟ್ಟಾಗುವುದಿಲ್ಲ.

ಕಾಕಾ ಮನೆಗೆ ಬಂದು ಎರಡು ವರ್ಷ ಇದ್ದರು. ಕಾಕುವಿನ ಬಂಗಾರ ಬಿಡಿಸಿಕೊಂಡು ಬಂದೆವು. ಅವರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಯಾರ ರಕ್ತ ಎಂಬುದಕ್ಕೆ ಉತ್ತರ ಇಷ್ಟು ತಡವಾಗಿ ಕೊಡುತ್ತಿದ್ದೇನೆ, ಕಾಕು.