ಹೊಸದಾಗಿ ಬರೆಯುವವರಿಗೆ ಬ್ರಹ್ಮಗಿರಿಯ ಪಾಠ

ಹೊಸದಾಗಿ ಬರೆಯಲು ಕುಳಿತವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಮಾತುಗಳನ್ನು ಹುಡುಕುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆ ಕಲಿಸುವ ಪಾಠವೇ ಬೇರೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಲ್ಲಿಯ ಅಶೋಕನ ಶಾಸನ, ಇಸಿಲ ಪಟ್ಟಣದ ಅಧಿಕಾರಿಗಳ ಕುಶಲ ವಿಚಾರಿಸುತ್ತಲೇ ಆರಂಭವಾಗುತ್ತದೆ. ಬರೆದುದು ಯಾರಿಗೆಂಬುದು ಮೊದಲಲ್ಲೇ ಸ್ಪಷ್ಟ. ಮುಂದೆ, ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಪುಟ್ಟ ಪುಟ್ಟ ವಾಕ್ಯಗಳು. ಕೊನೆಗೆ ಬರೆದವನ ಹೆಸರು: ಚಪಡ. ವಾಯವ್ಯ ಭಾರತದ ಖರೋಷ್ಠಿ ಲಿಪಿಯನ್ನೂ ಬಲ್ಲ ಈತ, ಅದನ್ನು ಬಳಸಿದ್ದು 'ಲಿಪಿಕಾರ' ಎಂಬ ಒಂದೇ ಪದಕ್ಕೆ. ಉಳಿದುದೆಲ್ಲ ಬ್ರಾಹ್ಮಿಯಲ್ಲಿದೆ. ತಿಳಿದುದನ್ನೆಲ್ಲ ತೋರಿಸಲೇಬೇಕೆಂದಿಲ್ಲ.

ಪಕ್ಕದ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತ ತಮ್ಮ ಪುಸ್ತಕಕ್ಕೆ 'ಯೇಗ್ದಾಗೆಲ್ಲಾ ಐತೆ' ಎಂದು ಆಡುಮಾತಿನಲ್ಲೇ ಹೆಸರಿಟ್ಟರು. ಅದನ್ನು ಗ್ರಂಥಭಾಷೆಗೆ ತಿದ್ದಿದ್ದರೆ ಸ್ವಾಮಿಗಳ ದನಿಯೇ ಅಡಗಿಹೋಗುತ್ತಿತ್ತು.

ಆದ್ದರಿಂದ ಓದುವವರೊಬ್ಬರನ್ನು ಕಣ್ಣೆದುರು ಇಟ್ಟುಕೊಳ್ಳಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಹೇಳಿ. ಊರಿನ ಮಾತಿಗೆ ನಾಚಬೇಡಿ. ಬರೆದುದನ್ನು ಗಟ್ಟಿಯಾಗಿ ಓದಿ, ನಾಲಗೆ ತೊಡರಿದಲ್ಲಿ ತಿದ್ದಿ. ಕೊನೆಗೆ ಧೈರ್ಯವಾಗಿ ಹೆಸರು ಹಾಕಿ. ಚಪಡ ಹಾಕಿದ ಹೆಸರು ಎರಡು ಸಾವಿರ ವರ್ಷ ದಾಟಿಯೂ ಉಳಿದಿದೆ.